ಕೂಸಿನ ಪಾಲಿನ ಆಣೆ

೧೯೬೪, ಜೂನ್ ೯, ಮಂಗಳವಾರ

ಈ ಮಾವಿನದಿಂಬ ಊರಿನ ಗಾಳಿಗೆ ಮಾನ ಮರ್ಯಾದೆ ಇಲ್ಲ. ವಾರ್ಡಿನ ಬಟ್ಟೆಯನ್ನೆಲ್ಲ ಒಗೆದು ಒಣಹಾಕಿದ್ದೆ, ಹಾರಿಸಿಕೊಂಡು ಹೋಗಿ ಬೇಲಿಮುಳ್ಳಿಗೆ ಸಿಕ್ಕಿಸಿಬಿಟ್ಟಿತು. ಬಿಡಿಸುವಷ್ಟರಲ್ಲಿ ಕೈಯೆಲ್ಲ ಗೀರು. ಯಳಂದೂರಿನ ಗದ್ದೆಬಯಲಲ್ಲಿ ಬೆಳೆದವಳು ನಾನು. ಹನೂರು ದಾಟಿ ಈ ಕಾಡಂಚಿಗೆ ನರ್ಸಾಗಿ ಬಂದು ಎರಡು ವರ್ಷವಾಯಿತು, ಇಲ್ಲಿಯ ಗಾಳಿ, ನೀರು, ಜನ ಯಾವುದೂ ಒಗ್ಗಿಲ್ಲ. ಒಗ್ಗಿರುವುದು ಸೊಂಟದಲ್ಲಿರುವ ನಶ್ಯದ ಡಬ್ಬಿ ಒಂದೇ. ಒಂದು ಚಿಟಿಕೆ ಏರಿಸಿದರೆ ಎಂಥ ತಲೆನೋವೂ ದಾರಿಗೆ ಬರುತ್ತದೆ.

ಇವತ್ತು ಲೊಕ್ಕನಹಳ್ಳಿಯಿಂದ ಒಬ್ಬಳು ಬಸುರಿ ಬಂದಿದ್ದಳು. ಚೆಲುವಮ್ಮ ಅಂತ. ಗಂಡ ಮಾದಣ್ಣ ಹೊಲಗೆಲಸದವನು, ಬಾಗಿಲಾಚೆಯೇ ನಿಂತಿದ್ದ. ಎಂಟು ತಿಂಗಳು ತುಂಬಿದೆ, ಆದರೆ ಹೊಟ್ಟೆ ಆರು ತಿಂಗಳಿನಷ್ಟೂ ಇಲ್ಲ.

"ಎಷ್ಟನೆಯ ಬಸುರು?" ಎಂದೆ.

"ಮೂರ್ನೇದು ಕನವ್ವಾ. ಮೊದ್ಲೆಲ್ಡು ಉಟ್ಟಿ, ನಡುಗಿ ನಡುಗಿ ಸತ್ತೋದೊ. ಮಾದಪ್ಪನ ಮುನಿಸು ಅಂದ್ರು. ಇದೊಂದ ಉಳ್ಸಿಕೊಡಿ ಅಮ್ಮಾವ್ರೆ, ನಿಮ್ ಕಾಲ್ಗ ಬೀಳ್ತಿನಿ."

ಕೆಳರೆಪ್ಪೆ ಎಳೆದು ನೋಡಿದೆ. ರಕ್ತವಿಲ್ಲ, ಅದಿರಲಿ, ಕಣ್ಣಿನ ಪಾಪೆ ಸಾಸಿವೆ ಕಾಳಷ್ಟಿದೆ. ಸೆರಗಿನ ಗಂಟು ಬಿಚ್ಚಿಸಿದರೆ ಕರಿಯ ಗುಳಿಗೆ. ಅಫೀಮು. ಕೊಳ್ಳೇಗಾಲದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸಕ್ಕೆ ಆರು ವರ್ಷ ಹೋಗಿದ್ದಳಂತೆ. ಕುದಿಯುವ ನೀರಿಗೆ ಬೆರಳು ಹಾಕಿ ಎಳೆ ಹಿಡಿಯಬೇಕು, ಚರ್ಮ ಸುಲಿದು ಉರಿಯುತ್ತದೆ. ಜೊತೆಯ ಮುದುಕಿಯೊಬ್ಬಳು ಉರಿಗೆಂದು ಗುಳಿಗೆ ಕೊಟ್ಟಳಂತೆ. ಉರಿ ಹೋಯಿತು, ಗುಳಿಗೆ ಉಳಿಯಿತು.

ನಮ್ಮ ನಾಲ್ಕು ಮಂಚದ ಹೆರಿಗೆ ವಾರ್ಡಿಗೆ ಔಷಧಿ, ಹಾಲಿನ ಪುಡಿ ಸರ್ಕಾರದ್ದು. ಕಟ್ಟಡ ಮಾತ್ರ ಯಜಮಾನ್ ಕೆಂಪನಂಜಪ್ಪನವರು ಕಟ್ಟಿಸಿಕೊಟ್ಟದ್ದು, ಅವರದೊಂದು ಷರತ್ತಿದೆ. ಕಳ್ಳಭಟ್ಟಿ, ಅಫೀಮು, ಭಂಗಿ ಮುಟ್ಟುವ ಹೆಂಗಸಿಗೆ ಮಂಚವೂ ಇಲ್ಲ, ಹಾಲೂ ಇಲ್ಲ. ಒಳ್ಳೆಯ ಷರತ್ತು. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು ಅಫೀಮು ನುಂಗುವವಳಿಗೆ ಏನು ಹೇಳುವುದು? ವಾಪಸು ಕಳಿಸಿದೆ.

ಜೂನ್ ೧೬

ಅಫೀಮಿನವಳು ಮತ್ತೆ ಬಂದಿದ್ದಳು. ಒಳಗೆ ಬಿಡಲಿಲ್ಲವೆಂದು ಹುಣಸೆಮರದ ಕೆಳಗೆ ಸಂಜೆಯತನಕ ಕುಳಿತಿದ್ದಳು. ಆಯಾ ಚಿಕ್ಕಬಸಮ್ಮ ಕರುಳು ಚುರುಕ್ಕೆಂದವಳ ಹಾಗೆ ಒಂದು ಲೋಟ ಹಾಲು ತೆಗೆದುಕೊಂಡು ಹೋಗುತ್ತಿದ್ದಳು, ಹಿಡಿದು ನಿಲ್ಲಿಸಿದೆ.

"ಇವತ್ತು ಒಂದು ಲೋಟ ಕೊಟ್ಟರೆ ನಾಳೆ ಊರಿನ ಚಟದವರೆಲ್ಲ ಇಲ್ಲೇ ಬಿಡಾರ ಹೂಡುತ್ತಾರೆ" ಎಂದೆ.

"ಅವ್ಳ್ ಕುಡಿಯದಲ್ಲ ಅಮ್ಮಾವ್ರೆ, ಒಳ್ಗಿರಾದು ಕುಡಿತದೆ" ಎಂದಳು. ಎದುರುತ್ತರ ಕೊಡುವುದರಲ್ಲಿ ಇವಳನ್ನು ಮೀರಿಸುವವರಿಲ್ಲ.

ಜೂನ್ ೨೯, ಸೋಮವಾರ

ಇವತ್ತು ನನಗೆ ನಾನೇ ಶಭಾಷ್ ಎಂದುಕೊಂಡೆ.

ಅವಳಿಗೆ ದಿನ ಹತ್ತಿರ ಬಂದಿದೆ. ಗಂಡ ಬೇರೆ ಯಜಮಾನರ ಮನೆ ಬಾಗಿಲು ಕಾಯುತ್ತಿದ್ದಾನೆ. ಯಜಮಾನರು, "ಬಿಟ್ಟೆ ಅಂತ ಬಾಯ್ಲಿ ಅಂದ್ರೆ ಯಾರು ನಂಬ್ತಾರೆ ನರ್ಸಮ್ಮ?" ಎಂದು ಕೇಳಿದರು. ಅವರ ಪ್ರಶ್ನೆಯೂ ನ್ಯಾಯವೇ. ಆಗ ನನಗೆ ಹೊಳೆಯಿತು. ಈ ಸೀಮೆಯವರು ಪೊಲೀಸರಿಗೆ ಸುಳ್ಳು ಹೇಳಿಯಾರು, ಅಮಲ್ದಾರರಿಗೆ ಹೇಳಿಯಾರು, ಬೆಟ್ಟದ ಮಾದಪ್ಪನ ಆಣೆಗೆ ಮಾತ್ರ ಪ್ರಾಣ ಹೋದರೂ ತಪ್ಪುವುದಿಲ್ಲ. ನನಗೆ ಆಣೆಗೀಣೆಯಲ್ಲಿ ನಂಬಿಕೆಯಿಲ್ಲ. ಅವರದೇ ಹಗ್ಗದಲ್ಲಿ ಅವರನ್ನು ಕಟ್ಟಿದರಾಯಿತು ಎಂದುಕೊಂಡೆ.

ಊರಾಚೆಯ ಮಾದಪ್ಪನ ಗುಡಿಯಲ್ಲಿ ಯಜಮಾನರ ಎದುರಿಗೇ ಕರ್ಪೂರ ಹಚ್ಚಿಸಿದೆ. ನಾನು ಹೇಳಿಕೊಟ್ಟೆ, ಅವಳು ಹೇಳಿದಳು. "ಇವತ್ತಿನಿಂದ ನಾನು ಅಫೀಮು ಮುಟ್ಟುವುದಿಲ್ಲ." ಅಷ್ಟಕ್ಕೆ ಮುಗಿಸಬಹುದಿತ್ತು. ಅಳುವ ಮಕ್ಕಳು ಸುಮ್ಮನಾಗಲೆಂದು ನಾಲಿಗೆಗೆ ಒಂದಿಷ್ಟು ಸವರುವ ಕೆಟ್ಟ ಅಭ್ಯಾಸವೂ ಕೆಲವರಿಗಿದೆ, ಅದು ನೆನಪಾಗಿ ಇನ್ನೊಂದು ಸೇರಿಸಿದೆ. "ನನ್ನ ಕೂಸಿನ ನಾಲಿಗೆಗೂ ಮುಟ್ಟಿಸುವುದಿಲ್ಲ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಅದನ್ನೂ ಹೇಳಿ, ಉರಿಯುವ ಕರ್ಪೂರವನ್ನು ಬರಿಗೈಯಿಂದ ಒತ್ತಿ ಆರಿಸಿದಳು. ಮುಖವೂ ಕಿವುಚಲಿಲ್ಲ.

ಮೂರನೆಯ ಮಂಚ ಕೊಟ್ಟಿದ್ದೇನೆ. ಹಾಲೂ ಕೊಟ್ಟೆ. ಕುಡಿದು ಲೋಟವನ್ನು ಕಣ್ಣಿಗೊತ್ತಿಕೊಂಡಳು.

ಜುಲೈ ೧

ಮೂರನೆಯ ಮಂಚದವಳ ನಾಟಕ ಹೇಳತೀರದು. ಆಕಳಿಕೆಯ ಮೇಲೆ ಆಕಳಿಕೆ, ಮೂಗು ಕಣ್ಣು ಸುರಿಯುವುದು, ಮೈಕೈ ಮುರಿದುಹೋಗುತ್ತಿದೆ ಎಂದು ಹೊರಳಾಡುವುದು. ಬೆಳಿಗ್ಗೆಯಿಂದ ವಾಂತಿ. "ಮನಸ್ಸು ಗಟ್ಟಿ ಮಾಡಿಕೊ" ಎಂದು ಗದರಿದೆ. ಒಂದು ಚಟ ಬಿಡಲು ಇಷ್ಟು ಗೋಳೇ? ಅವಳ ಕೂಗಾಟಕ್ಕೆ ನನಗೂ ತಲೆನೋವು ಬಂದು ನಾಲ್ಕು ಸಲ ನಶ್ಯ ಏರಿಸಬೇಕಾಯಿತು.

ಒಂದು ಮಾತು ಒಪ್ಪಬೇಕು. ಅಷ್ಟು ಒದ್ದಾಡಿದರೂ ಒಂದು ಸಲವೂ ಗುಳಿಗೆ ಕೇಳಲಿಲ್ಲ.

ಸಂಜೆ ನೋವು ಶುರುವಾಗಿದೆ. ದಿನಕ್ಕೆ ಮೊದಲೇ.

ಜುಲೈ ೨, ಗುರುವಾರ

ಬೆಳಗಾಗುವಾಗ ಹೆರಿಗೆಯಾಯಿತು. ಹೆಣ್ಣು. ನನ್ನ ಎರಡು ಅಂಗೈಯಲ್ಲಿ ಹಿಡಿಸುವಷ್ಟು. ಆದರೆ ಅಳು ಗಟ್ಟಿಯಾಗಿದೆ, ಕಿವಿಯ ಮೇಲೆ ಕಪ್ಪು ಕೂದಲಿದೆ. ವಾರ್ಡಿನ ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಚೆಲುವಮ್ಮ ಎದೆಗೆ ಹಾಕಿಕೊಳ್ಳುವ ಮೊದಲು ಕೂಸಿನ ಕೈಬೆರಳು ಒಂದೊಂದೇ ಬಿಡಿಸಿ ನೋಡಿದಳು.

"ನಡುಗ್ತಿಲ್ಲ ಅಲ್ವ್ರಾ?" ಎಂದಳು.

"ನಡುಗುತ್ತಿಲ್ಲ" ಎಂದೆ. ನನಗೂ ಹೆಮ್ಮೆಯಾಯಿತು.

ಜುಲೈ ೪

ಕೂಸು ನಡುಗುತ್ತಿದೆ.

ಮೊದಲು ಗಾಳಿಗೆ ಎಂದುಕೊಂಡೆ. ಕಿಟಕಿ ಮುಚ್ಚಿದೆ, ಬಿಸಿನೀರಿನ ಬಾಟಲಿ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟೆ. ನಿಲ್ಲಲಿಲ್ಲ. ಅಳು ಬದಲಾಗಿದೆ, ಕಿರಿಚಿಕೊಂಡ ಹಾಗೆ. ಮೊಲೆ ಬಾಯಿಗಿಟ್ಟರೆ ಹುಚ್ಚು ಹಸಿವಿನಿಂದ ಹಿಡಿಯುತ್ತದೆ, ಎರಡು ಗುಟುಕಿಗೆ ಬಿಡುತ್ತದೆ. ಕುಡಿದದ್ದೂ ಕಕ್ಕುತ್ತದೆ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಳ್ಳೇಗಾಲದ ಡಾಕ್ಟರಿಗೆ ಹೇಳಿಕಳಿಸಿದೆ. ಅವರು ಬೇರೆ ಕ್ಯಾಂಪಿಗೆ ಹೋಗಿದ್ದಾರಂತೆ, ಮಂಗಳವಾರವೇ ಬರುವುದಂತೆ.

ಚೆಲುವಮ್ಮ ಅಳುವುದಿಲ್ಲ. "ಆಣೆ ತಪ್ಪನಿಲ್ಲ ಅಲ್ವ್ರಾ ನಾನು? ಯಾಕ ಇಂಗಾಯ್ತದೆ?" ಎಂದು ಒಂದೇ ಸಮನೆ ಕೇಳುತ್ತಾಳೆ.

ಜುಲೈ ೭, ಮಂಗಳವಾರ

ಡಾಕ್ಟರು ಬಂದರು. ಕೂಸನ್ನು ನೋಡಿದವರೇ ತಾಯಿಯ ವಿಷಯ ಕೇಳಿದರು. ಹೇಳಿದೆ.

"ಒಂದೇ ಸಲ ನಿಲ್ಲಿಸಿದ್ದು ಯಾರು?"

ನಾನು ಕೂಸಿನ ಬಟ್ಟೆ ಸರಿಪಡಿಸಿದೆ.

"ತಾಯಿ ನುಂಗಿದ್ದು ಕೂಸಿಗೂ ಹೋಗುತ್ತಿತ್ತಮ್ಮ. ಹುಟ್ಟುವ ಮೊದಲೇ ಅದಕ್ಕೂ ಅಭ್ಯಾಸವಾಗಿದೆ, ಈಗ ಸಿಗದೆ ನಡುಗುತ್ತಿದೆ. ತಾಯಿಗೂ ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಿಸಬೇಕಿತ್ತು."

ಅಫೀಮಿನ ಟಿಂಕ್ಚರನ್ನೇ ನೀರಿನಲ್ಲಿ ತೆಳುಮಾಡಿ ಸಣ್ಣ ಸೀಸೆಯಲ್ಲಿ ಕೊಟ್ಟರು. ಹನಿ ಲೆಕ್ಕದಲ್ಲಿ ಕೊಟ್ಟು, ದಿನದಿನಕ್ಕೆ ಕಡಿಮೆ ಮಾಡುತ್ತ ಬಿಡಿಸಬೇಕಂತೆ. ಉಳಿಯಬಹುದು ಎಂದರು. ಉಳಿಯುತ್ತದೆ ಎನ್ನಲಿಲ್ಲ.

ಸೀಸೆಯ ಬಿರಡೆ ತೆಗೆದಿದ್ದೇ ತಡ, ಚೆಲುವಮ್ಮನಿಗೆ ವಾಸನೆ ಗೊತ್ತಾಯಿತು. ಗೊತ್ತಾಗದೆ ಇರುತ್ತದೆಯೇ? ಕೂಸನ್ನು ಗೋಡೆಯ ಕಡೆ ತಿರುಗಿಸಿ ಹಿಡಿದುಕೊಂಡಳು.

"ಬ್ಯಾಡ ಅಮ್ಮಾವ್ರೆ. ಕೂಸ್ನೂ ಸೇರ್ಸಿ ಆಣೆ ಇಟ್ಟಿವ್ನಿ. ನೀವೇ ಏಳ್ಕೊಟ್ರಲ್ಲ."

"ಇದು ಔಷಧಿ, ಚೆಲುವಮ್ಮ."

"ನಂಗೂ ಅಂಗೇ ಏಳಿ ಕೊಟ್ರು ಆ ಮುದ್ಕಿ."

ಡಾಕ್ಟರು ತಿಳಿಸಿ ಹೇಳಿದರು. ಆಣೆಯ ಮಾತು ಕೇಳಿ ನಕ್ಕರು. ನಾನೂ ನಗಬೇಕೆಂದುಕೊಂಡೆ, ಆಗಲಿಲ್ಲ. "ಅದು ನಾನು ಹೇಳಿಕೊಟ್ಟ ಮಾತು, ನಾನೇ ವಾಪಸು ತೆಗೆದುಕೊಂಡಿದ್ದೇನೆ" ಎಂದೆ. ಅವಳು ನನ್ನನ್ನು ಸಣ್ಣ ಮಗುವನ್ನು ನೋಡುವ ಹಾಗೆ ನೋಡಿದಳು. "ನೀವ್ ಎಂಗ್ ತಕತೀರಿ? ಕೊಟ್ಟದ್ದು ಮಾದಪ್ಪಂಗಲ್ವ್ರಾ? ಮೊದ್ಲೆಲ್ಡೂ ಅವನ್ ಮುನಿಸ್ಗೇ ಓದೊ. ಇದ್ನೂ ಕೊಡ್ಲಾ?"

ಜುಲೈ ೮

ಮಾಡಬಾರದ್ದು ಮಾಡಿದೆನೋ, ಮಾಡಬೇಕಾದ್ದು ಮಾಡಿದೆನೋ, ಗೊತ್ತಾಗುತ್ತಿಲ್ಲ.

ಮಧ್ಯಾಹ್ನ ಅವಳು ಸುಸ್ತಾಗಿ ಕಣ್ಣು ಮುಚ್ಚಿದ್ದಳು. ಕೂಸನ್ನು ಮೆಲ್ಲನೆ ಎತ್ತಿಕೊಂಡು ಔಷಧಿಯ ಕೋಣೆಗೆ ಹೋಗಿ ಡಾಕ್ಟರು ಹೇಳಿದಷ್ಟು ಹನಿ ನಾಲಿಗೆಗೆ ಬಿಟ್ಟೆ. ಸ್ವಲ್ಪ ಹೊತ್ತಿಗೆ ನಡುಕ ಇಳಿಯಿತು. ಬಿಗಿದ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು. ಹುಟ್ಟಿದ ದಿನದಿಂದ ಇವತ್ತೇ ಅದರ ಹಣೆಯ ಸುಕ್ಕು ಮಾಯವಾಗಿ ಮುಖ ಕಂಡದ್ದು. ತಾಯಿಯದೇ ಮೂಗು. ತಂದು ಮಲಗಿಸಿದೆ. ಎದೆಗೆ ಬಾಯಿ ಹಾಕಿ ಚಪ್ಪರಿಸಿ ಕುಡಿಯಿತು. ಆ ಸದ್ದು ಕೇಳಿ ನಾನು ಬಾಗಿಲ ಮರೆಗೆ ಹೋಗಿ ಅತ್ತುಬಿಟ್ಟೆ.

ಚೆಲುವಮ್ಮ ಎಚ್ಚರವಾಗಿ ಮೊದಲು ನಕ್ಕಳು. ಆಮೇಲೆ ಬಗ್ಗಿ ಕೂಸಿನ ಬಾಯಿ ಮೂಸಿದಳು.

ಕಿರುಚಲಿಲ್ಲ, ಬೈಯಲಿಲ್ಲ. "ನೀವೂ ಇಂಗ್ ಮಾಡ್ಬುಟ್ರಾ ಅವ್ವಾ" ಎಂದಳು. ಅಷ್ಟೇ. ಸಂಜೆಯೊಳಗೆ ಕೂಸನ್ನು ವಾರ್ಡಿನ ಬಟ್ಟೆಯಲ್ಲೇ ಸುತ್ತಿಕೊಂಡು ಗಂಡನ ಜೊತೆ ಲೊಕ್ಕನಹಳ್ಳಿಗೆ ಹೊರಟುಹೋದಳು. ಅಡ್ಡ ನಿಂತೆ. ಮಾದಣ್ಣ ಕೈ ಮುಗಿದ.

"ಕೂಸಿನ್ ಮ್ಯಾಲಿನ್ ಆಣೆ ಬುಡಿಸಾದಾದ್ರ ಬೆಟ್ಟದ್ ಮ್ಯಾಲಿನ್ ತಮ್ಮಡಿ ಬುಡಿಸ್ಬೇಕು ಅಮ್ಮಾವ್ರೆ. ಪೂಜಾರಪ್ಪ ಅವ್ನೇ ಅಲ್ವಾ. ಅವ್ನು ಬೂದಿ ಕೊಟ್ರ ಇವ್ಳೂ ಒಪ್ತಾಳೆ. ನಾ ಇವಳ್ ಬುಟ್ಟು ಎಂಗ್ ಓಗ್ಲಿ?"

ನಾನು ಹೋಗುತ್ತೇನೆ ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯ.

ಜುಲೈ ೯, ಅಮಾವಾಸ್ಯೆ. ಬೆಟ್ಟದಲ್ಲಿ

ಜನಜಾತ್ರೆ. ಅಮಾವಾಸ್ಯೆ ಎನ್ನುವುದೇ ಮರೆತುಹೋಗಿತ್ತು. ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ತಾಳಬೆಟ್ಟದಿಂದ ಮುಂದೆ ಕಾಲುನಡಿಗೆ. ಪಾಲಾರ್ ಹೊಳೆಯಾಚೆಯಿಂದ ಬಂದ ತಮಿಳು ಹೆಂಗಸರು ಮಂಡಿಯಲ್ಲಿ ಹತ್ತುತ್ತಿದ್ದರು, ಅವರನ್ನು ದಾಟಿಕೊಂಡು ಓಡಿದ ಹಾಗೆ ಹತ್ತಿದೆ. ಬೆಟ್ಟ ಹತ್ತುವವರು ಉಘೇ ಎಂದಾಗಲೆಲ್ಲ ನನಗೆ ಆ ಕೂಸಿನ ಕಿರುಚಾಟ ಕೇಳುತ್ತಿತ್ತು.

ತಮ್ಮಡಿ ಪುಟ್ಟಮಾದಪ್ಪ ವಯಸ್ಸಾದವರು. ಸರದಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಎಲ್ಲವನ್ನೂ ಹೇಳಿದೆ.

"ಆಣೆ ಇಟ್ಟೋರ್ಯಾರು?" ಎಂದರು.

"ತಾಯಿ."

"ಕೂಸೂ ಇಟ್ಟದಾ?"

"ಅದು ಆಗ ಹೊಟ್ಟೆಯಲ್ಲಿತ್ತು."

"ಒಟ್ಟೇಲಿರಾ ಕೂಸ್ನ ಪರವಾಗಿ ಮಾತಾಡ್ದೋರು ಯಾರವ್ವಾ?"

"ನಾನು" ಎಂದೆ. ಅವರು ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಆಗಲಿಲ್ಲ.

"ಮಾದಪ್ಪನ್ ತಾವ ಇಟ್ಟದ್ದು ನೆಲಕ್ಕ ಬೀಳ್ಬಾರ್ದು ಕನವ್ವಾ. ಯಾರಾರ ಎಗಲ್ಮ್ಯಾಲ ಒತ್ಕಬೇಕು. ಕೂಸಿನ ಪಾಲ್ನ ನೀ ಒತ್ಕೊ, ಅದು ಅಗುರಾಗ್ಲಿ. ನಿಂಗ ಬುಡಕ್ಕಾಗ್ದೆ ಇರಾದು ಏನದೆ?"

ನಾನು ಉತ್ತರ ಹೇಳುವ ಮೊದಲೇ ನನ್ನ ಕೈ ಸೊಂಟಕ್ಕೆ ಹೋಗಿತ್ತು. ನಶ್ಯದ ಡಬ್ಬಿಯನ್ನು ಅವರ ಮುಂದಿಟ್ಟು, ಇನ್ನು ಮುಟ್ಟುವುದಿಲ್ಲ ಎಂದೆ. ಕರ್ಪೂರ ಹಚ್ಚಿದರು. ಅಂಗೈಯಿಂದ ಒತ್ತುವಾಗ ಅಯ್ಯೋ ಎಂದುಬಿಟ್ಟೆ. ಚೆಲುವಮ್ಮ ಹೇಗೆ ತಡೆದುಕೊಂಡಳೋ. ತಮ್ಮಡಿ ಬೂದಿಯನ್ನು ಎಲೆಯಲ್ಲಿ ಕಟ್ಟಿಕೊಟ್ಟರು, ಕಾಣಿಕೆ ಮುಟ್ಟಲಿಲ್ಲ.

ಕೆಳಗಿಳಿಯಲು ಹೊತ್ತಾಯಿತು, ಕಾಡಿನಲ್ಲಿ ಆನೆ ಇದೆ ಎಂದು ಯಾರೂ ಬಿಡಲಿಲ್ಲ. ಛತ್ರದ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಕೂಸೇ, ಒಂದು ದಿನ ತಡಿ. ಬರುತ್ತಿದ್ದೇನೆ.

ಜುಲೈ ೧೦

ನಾನು ಲೊಕ್ಕನಹಳ್ಳಿ ಮುಟ್ಟಿದಾಗ ಗಂಡಸರು ಮನೆಯ ಹೊರಗೆ ನಿಂತಿದ್ದರು. ಬೆಳಗಿನ ಜಾವ ಹೋಯಿತಂತೆ.

ಚೆಲುವಮ್ಮ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ನನ್ನ ಕೈಯಲ್ಲಿದ್ದ ಎಲೆಯ ಪೊಟ್ಟಣ ನೋಡಿದಳು.

"ಬುಡಿಸ್ಕಂಡ್ ಬಂದ್ರಾ ಅವ್ವಾ?"

"ಹೂಂ."

"ಅಂಗಾರ ಅದ್ಕ ಅಚ್ಚಿ. ಆಣೆ ಒತ್ಕಂಡ್ ಓಗದ್ ಬ್ಯಾಡ."

ಹಣೆಗೆ ಹಚ್ಚಿದೆ. ನನ್ನ ಬೆರಳಿನಗಲವೇ ಅದರ ಹಣೆ.

ಜುಲೈ ೧೪

ಡಾಕ್ಟರು ಬಂದಿದ್ದರು. ಸೀಸೆಯನ್ನು ವಾಪಸು ಕೊಡಲು ಹೋದೆ. "ಇಟ್ಟುಕೊಳ್ಳಿ, ಬೇಕಾಗುತ್ತದೆ" ಎಂದರು.

ಜುಲೈ ೨೦, ಸೋಮವಾರ

ಮೈ ಸರಿಯಿಲ್ಲ. ಬೆಟ್ಟದಲ್ಲಿ ಮಂಜು ಹಿಡಿದಿರಬೇಕು. ಕೂತಲ್ಲಿ ಆಕಳಿಕೆ, ಮೂಗು ಸುರಿಯುವುದು ನಿಂತಿಲ್ಲ. ತಲೆಯೊಳಗೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ. ಚಿಕ್ಕಬಸಮ್ಮ ಬಿಸಿನೀರು ತರುವುದು ತಡಮಾಡಿದಳೆಂದು ಚೆನ್ನಾಗಿ ಬೈದೆ. ಆಮೇಲೆ ಅವಳ ಮುಂದೆಯೇ ಅಳು ಬಂತು.

"ಒಂದ್ ಚಿಟ್ಕೆ ಏರಿಸ್ಕಳಿ ಅಮ್ಮಾವ್ರೆ, ಯಾರ್ಗೂ ಏಳಾಕಿಲ್ಲ ನಾನು. ಏನ್ ಗೋಳು ಇದು" ಎಂದಳು.

"ಮಾತು ಕೊಟ್ಟಿದ್ದೇನೆ" ಎಂದೆ. ನೆಗಡಿಗೂ ನಶ್ಯಕ್ಕೂ ಏನು ಸಂಬಂಧ?

ಆಗಸ್ಟ್ ೧೧

ಹೂಗ್ಯಂನಿಂದ ಒಬ್ಬಳನ್ನು ಗಾಡಿಯಲ್ಲಿ ಕರೆತಂದರು. ಮಹಾದೇವಮ್ಮ, ಇನ್ನೂ ಹುಡುಗಿ, ಚೊಚ್ಚಲು. ಕಣ್ಣು ನೋಡಿದ ಕೂಡಲೇ ತಿಳಿಯಿತು. ಗಂಟು ಬಿಚ್ಚು ಎನ್ನಲಿಲ್ಲ. ಮೂರನೆಯ ಮಂಚ ಕೊಟ್ಟು, ಒಂದು ಲೋಟ ಹಾಲು ಕುಡಿಸಿ, ಆಮೇಲೆ ದಿನಕ್ಕೆ ಎಷ್ಟು ತೆಗೆದುಕೊಳ್ಳುತ್ತೀಯೆ ಎಂದು ಕೇಳಿದೆ. ಹೆದರಿ ಹೆದರಿ ಹೇಳಿದಳು. ಅದಕ್ಕಿಂತ ಒಂದಿಷ್ಟು ಕಡಿಮೆಯಿಂದ ಶುರುಮಾಡಿದ್ದೇನೆ, ಡಾಕ್ಟರು ಹೇಳಿದ ಹಾಗೆ.

ಮಧ್ಯಾಹ್ನ ಯಜಮಾನರು ಬಂದರು. ಯಾರು ಹೇಳಿದರೋ.

"ಷರತ್ತು ಮರೆತ್ರಾ ನರ್ಸಮ್ಮ? ನನ್ ಕಟ್ಟಡದಲ್ಲೇ ಅಫೀಮು ಕೊಡ್ತಿದ್ದೀರಂತೆ. ಹೋಗ್ಲಿ, ಇವಳ ಕೈಲೂ ಕರ್ಪೂರ ಆರಿಸ್ಬಿಡಿ."

"ಆರಿಸಲ್ಲ ಯಜಮಾನ್ರೆ."

"ಯಾಕೆ? ಉಪಾಯ ನೀವೇ ಹೇಳಿದ್ದಲ್ವಾ?"

"ಹೌದು, ನಾನೇ ಹೇಳಿದ್ದು. ಅದಕ್ಕೇ. ಇವಳನ್ನು ಹೊರಗೆ ಹಾಕಬೇಕು ಅಂದ್ರೆ ಒಳಗೆ ಬನ್ನಿ, ನೀವೇ ಎಬ್ಬಿಸಿ ಕಳಿಸಿ."

ಬಾಗಿಲ ತನಕ ಬಂದು ಮಂಚದ ಕಡೆ ನೋಡಿದರು. ಹುಡುಗಿ ಮುಸುಕು ಹಾಕಿಕೊಂಡು ನಡುಗುತ್ತಿದ್ದಳು. ಜೇಬಿನಿಂದ ಬೆಳ್ಳಿಯ ನಶ್ಯದ ಡಬ್ಬಿ ತೆಗೆದು ತಾವೊಂದು ಚಿಟಿಕೆ ಏರಿಸಿ, ಅಭ್ಯಾಸಬಲದಿಂದ ನನ್ನ ಕಡೆ ಹಿಡಿದರು. ಬೇಡ ಎಂದೆ. ಹೋದರು. ಸಂಜೆ ಅವರ ಮನೆಯಿಂದ ಒಂದು ಚೊಂಬು ಹಸುವಿನ ಹಾಲು ಬಂತು. ಯಾರಿಗೆಂದು ಹೇಳಿಕಳಿಸಿರಲಿಲ್ಲ.

ಆಗಸ್ಟ್ ೨೪, ಸೋಮವಾರ

ಚೆಲುವಿ ಬಂದಿದ್ದಳು. ವಾರ್ಡಿನ ಬಿಳಿ ಬಟ್ಟೆಯನ್ನು ಒಗೆದು ಮಡಿಸಿ ತಂದಿದ್ದಳು. "ನಿಮ್ದು, ವಾಪಸ್ ಕೊಡ್ಬೇಕಲ್ಲ" ಎಂದಳು.

ಮತ್ತೆ ಕೊಳ್ಳೇಗಾಲಕ್ಕೆ ನೂಲು ತೆಗೆಯಲು ಹೋಗುತ್ತಿದ್ದಾಳೆ. ಬೆರಳುಗಳು ಹಸಿಗಾಯವಾಗಿವೆ. ಮುಲಾಮು ಹಚ್ಚಿ ಬಟ್ಟೆ ಕಟ್ಟಿದೆ. ಮೂರನೆಯ ಮಂಚದ ಹುಡುಗಿ ನೋಡುತ್ತಲೇ ಇದ್ದಳು. ಚೆಲುವಿ ತಾನಾಗಿಯೇ ಹೋಗಿ ಅವಳ ಪಕ್ಕ ಕುಳಿತಳು.

"ಅಮ್ಮಾವ್ರು ಕೊಟ್ಟಷ್ಟ ಕುಡಿ, ಸಾಕು ಅಂದಾಗ ಬುಡು. ಯಾವ್ ಆಣೆನೂ ಇಡ್ಬ್ಯಾಡ" ಎಂದಳು. ಹುಡುಗಿಯ ಹೊಟ್ಟೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ಕುಳಿತಿದ್ದಳು.

ಬಾಗಿಲ ತನಕ ಕಳಿಸಲು ಹೋದೆ. ಕೇಳಬಾರದೆಂದುಕೊಂಡಿದ್ದೆ, ಕೇಳಿಬಿಟ್ಟೆ. "ಇಷ್ಟು ಉರಿಯಲ್ಲೂ ನೀನು ಮತ್ತೆ ಮುಟ್ಟಲಿಲ್ಲವಾ ಚೆಲುವಿ? ಕೂಸೇ ಇಲ್ಲ. ಇನ್ನು ಯಾರಿಗೋಸ್ಕರ?"

ಅವಳು ಹುಣಸೆಮರದ ಕಡೆ ನೋಡಿದಳು.

"ತೊಟ್ಲು ಕಟ್ನಿಲ್ಲ ಅವ್ವಾ, ಕೂಸ್ಗ ಒಂದ್ ಎಸ್ರೂ ಇಡ್ನಿಲ್ಲ. ಅದ್ಕ ಅಂತ ನಾ ಮಾಡಿದ್ದು ಆ ಆಣೆ ಒಂದೇಯಾ. ಅದ್ನೂ ಬುಟ್ಬುಟ್ರ ನನ್ ಮಗ್ಳು ಉಟ್ಟೇ ಇರ್ನಿಲ್ಲ ಅನ್ನಂಗಾಯ್ತದೆ."

ಬಿಳಿ ಬಟ್ಟೆಯನ್ನು ವಾರ್ಡಿನ ಬೀರುವಿನಲ್ಲಿ ಇಡಲಿಲ್ಲ, ನನ್ನ ಪೆಟ್ಟಿಗೆಯಲ್ಲಿಟ್ಟೆ. ನಶ್ಯದ ಪೊಟ್ಟಣಗಳನ್ನು ಕೂಡಿಡುತ್ತಿದ್ದ ಮೂಲೆ ಖಾಲಿಯಿತ್ತು.

ತಲೆನೋವು ಇವತ್ತೂ ಇದೆ. ಇರಲಿ, ಅದು ಕೂಸಿನ ಪಾಲು. ಬೆಳಿಗ್ಗೆ ಎದ್ದು ಮೂರನೆಯ ಮಂಚದವಳಿಗೆ ಹನಿ ಕೊಡಬೇಕು, ನಾಳೆಯಿಂದ ಒಂದು ಕಡಿಮೆ.